ಮೂಳೆ ಚೂರುಗಳನ್ನು ಓದಿದ ಡೊರೊತಿಯಾ ಬೇಟ್

ಕಳೆದ ವರ್ಷ ನಮ್ಮ ಕಾಲೇಜಿನ ವಿಜ್ಞಾನ ಸಂಘದಲ್ಲಿ ಒಂದು ಕಾರ್ಯಕ್ರಮ ಇಟ್ಟಿದ್ದರು. ಜೀವಶಾಸ್ತ್ರದ ಮೇಡಂ ಒಂದು ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿದ್ದರು. ಒಬ್ಬೊಬ್ಬರು ಒಂದೊಂದು ಚೀಟಿ ಎತ್ತಬೇಕು, ಅದರಲ್ಲಿರುವ ವಿಜ್ಞಾನಿಯ ಬಗ್ಗೆ ಓದಿಕೊಂಡು ಬಂದು ಹತ್ತು ನಿಮಿಷ ಮಾತನಾಡಬೇಕು. ನನ್ನ ಗೆಳತಿಯರಿಗೆ ಮೇರಿ ಕ್ಯೂರಿ, ಸಿ.ವಿ. ರಾಮನ್, ಇಬ್ನ್ ಅಲ್ ಹೈಥಮ್ ಬಂದರು. ನನಗೆ ಬಂದದ್ದು ಡೊರೊತಿಯಾ ಬೇಟ್. ನಾನು ಆ ಹೆಸರನ್ನು ಕೇಳಿಯೇ ಇರಲಿಲ್ಲ. ಚೀಟಿ ಬದಲಾಯಿಸಿಕೊಡಿ ಎಂದು ಮೇಡಂ ಅವರನ್ನು ಕೇಳಿದೆ. ಅವರು ಒಪ್ಪಲಿಲ್ಲ. ಗುಹೆಗಳಲ್ಲಿ ಸಿಕ್ಕ ಹಳೆಯ ಮೂಳೆಗಳನ್ನು ಗುರುತಿಸುವವರಲ್ಲಿ ಇವರ ಹೆಸರು ತಿಳಿಯದವರಿಲ್ಲ, ಓದಿ ನೋಡು ಎಂದು ಕಳುಹಿಸಿದರು.

ಮೂಳೆ ಎಂಬ ಮಾತು ಕೇಳಿ ನನಗೆ ಮುಜುಗರವಾಯಿತು. ಅದಕ್ಕೆ ಕಾರಣವಿದೆ. ನಮ್ಮ ಅಬ್ಬು ಸಂತೆ ಬೀದಿಯಲ್ಲಿ ಮಟನ್ ಅಂಗಡಿ ನಡೆಸುತ್ತಾರೆ. ಕಾಲೇಜಿಗೆ ಸೇರಿದ ಮೇಲೆ ಯಾರಾದರೂ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ನಾನು ವ್ಯಾಪಾರ ಎಂದಷ್ಟೇ ಹೇಳುತ್ತಿದ್ದೆ. ಯಾವ ವ್ಯಾಪಾರ ಎಂದು ಹೇಳುತ್ತಿರಲಿಲ್ಲ. ಮೂಳೆಯ ಬಗ್ಗೆ ಮಾತನಾಡಿದರೆ ಗುಟ್ಟು ರಟ್ಟಾಗುತ್ತದೆ ಎಂದು ಹೆದರಿದ್ದೆ. ಆದರೆ ಚೀಟಿ ಬಂದಾಗಿತ್ತು, ಓದಲು ಕುಳಿತೆ.

ಡೊರೊತಿಯಾ ಬೇಟ್ ಹುಟ್ಟಿದ್ದು 1878ರ ನವೆಂಬರ್ 8ರಂದು, ವೇಲ್ಸ್ ದೇಶದ ಕಾರ್ಮಾರ್ಥನ್ ಊರಿನಲ್ಲಿ. ತಂದೆ ಪೊಲೀಸ್ ಅಧಿಕಾರಿ. ಡೊರೊತಿಯಾ ಶಾಲೆಯಲ್ಲಿ ಕಲಿತದ್ದು ಬಹಳ ಕಡಿಮೆ, ಕಾಲೇಜು ಪದವಿಯಂತೂ ಇಲ್ಲವೇ ಇಲ್ಲ. ಆಕೆ ಕಲಿತದ್ದು ಹೊಲ, ಕಾಡು, ಬಂಡೆ, ಹಕ್ಕಿಗಳ ನಡುವೆ. 1898ರಲ್ಲಿ, ತನಗೆ 19 ವರ್ಷವಾಗಿದ್ದಾಗ, ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಹೋಗಿ ಕೆಲಸ ಕೊಡಿ ಎಂದು ಕೇಳಿದಳು. ಅಲ್ಲಿ ಆಗ ವಿಜ್ಞಾನಿಯಾಗಿ ಒಬ್ಬ ಹೆಂಗಸೂ ಇರಲಿಲ್ಲ. ಹಕ್ಕಿಗಳ ವಿಭಾಗದ ಮುಖ್ಯಸ್ಥ ಬೌಡ್ಲರ್ ಶಾರ್ಪ್ ಅವರನ್ನು ಒಪ್ಪಿಸಿ, ಹಕ್ಕಿಗಳ ಚರ್ಮಗಳನ್ನು ವಿಂಗಡಿಸಿ ಇಡುವ ಕೆಲಸ ಗಿಟ್ಟಿಸಿಕೊಂಡಳು. ಮುಂದೆ ಪಳೆಯುಳಿಕೆಗಳನ್ನು ಕಲ್ಲಿನಿಂದ ಬಿಡಿಸಿ ಸಿದ್ಧಪಡಿಸುವ ಕೆಲಸವೂ ಸಿಕ್ಕಿತು. ತಿಂಗಳ ಸಂಬಳ ಇರಲಿಲ್ಲ. ಎಷ್ಟು ಪಳೆಯುಳಿಕೆ ಸಿದ್ಧಪಡಿಸಿದರೆ ಅಷ್ಟಕ್ಕೆ ದುಡ್ಡು. ನಮ್ಮ ಓಣಿಯಲ್ಲಿ ಬೀಡಿ ಕಟ್ಟುವವರಿಗೆ ಲೆಕ್ಕ ಹಾಕಿ ಕೊಡುತ್ತಾರಲ್ಲ, ಹಾಗೆ. ಆ ಮ್ಯೂಸಿಯಂ ಜೊತೆಗಿನ ಅವರ ನಂಟು ಮಾತ್ರ 50 ವರ್ಷಕ್ಕೂ ಹೆಚ್ಚು ಕಾಲ ಉಳಿಯಿತು.

ಮೊದಲ ಲೇಖನ ಪ್ರಕಟವಾದದ್ದು 1901ರಲ್ಲಿ. ವೈ ನದಿಯ ಕಣಿವೆಯಲ್ಲಿ ಸುಣ್ಣಕಲ್ಲಿನ ಒಂದು ಗುಹೆಯಲ್ಲಿ ಸಿಕ್ಕ ಸಣ್ಣ ಪ್ರಾಣಿಗಳ ಮೂಳೆಗಳ ಬಗ್ಗೆ ಅದನ್ನು ಬರೆದರು. ಆಗ ಅವರ ವಯಸ್ಸು 22. ಅದೇ ವರ್ಷ ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪಕ್ಕೆ ಹೊರಟರು. ಅಲ್ಲಿ ಮಲೇರಿಯಾ ಇತ್ತು, ಒಳ್ಳೆಯ ರಸ್ತೆ ಇರಲಿಲ್ಲ. ಬೆಟ್ಟ ಹತ್ತಿ ಗುಹೆ ಹುಡುಕುತ್ತ ಸುಮಾರು ಒಂದೂವರೆ ವರ್ಷ ಅಲ್ಲೇ ಇದ್ದರು.

ಸೈಪ್ರಸ್ಸಿನ ಗುಹೆಗಳಲ್ಲಿ ಮೂಳೆ ಇರುವುದು ಅಲ್ಲಿನ ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. ಅವು ಹಿಂದಿನ ಸಂತರ ಮೂಳೆಗಳು ಎಂದು ಅವರು ನಂಬಿದ್ದರು. ಪುಡಿ ಮಾಡಿ ಔಷಧಿಯಂತೆ ಬಳಸುತ್ತಿದ್ದರು. ಬೇಟ್ ಅವನ್ನು ಪರೀಕ್ಷಿಸಿದಾಗ ಅವು ಮನುಷ್ಯರ ಮೂಳೆಗಳಲ್ಲ, ನೀರಾನೆಯ ಮೂಳೆಗಳು ಎಂದು ತಿಳಿಯಿತು. ಅದೂ ನಾವು ಚಿತ್ರದಲ್ಲಿ ನೋಡುವ ದೊಡ್ಡ ನೀರಾನೆ ಅಲ್ಲ. ದೊಡ್ಡ ಹಂದಿಯಷ್ಟೇ ಗಾತ್ರದ, ಅಳಿದುಹೋದ ಕುಬ್ಜ ನೀರಾನೆ. ಮರುವರ್ಷ ರಾಯಲ್ ಸೊಸೈಟಿಯಿಂದ 30 ಪೌಂಡ್ ಸಹಾಯಧನ ಕಷ್ಟಪಟ್ಟು ಪಡೆದು, ಕೈರೇನಿಯಾ ಬೆಟ್ಟಗಳ ಒಂದು ಗುಹೆಯಲ್ಲಿ ಕುಬ್ಜ ಆನೆಯ ಹಲ್ಲು ಮತ್ತು ಮೂಳೆಗಳನ್ನು ಕಂಡುಹಿಡಿದರು. ದ್ವೀಪದಲ್ಲಿ ಮೇವು ಕಡಿಮೆ, ಹಿಡಿದು ತಿನ್ನುವ ದೊಡ್ಡ ಪ್ರಾಣಿಗಳೂ ಇಲ್ಲ. ಅಂಥ ಜಾಗದಲ್ಲಿ ಸಾವಿರಾರು ತಲೆಮಾರು ಕಳೆದಾಗ ದೊಡ್ಡ ಪ್ರಾಣಿಗಳ ಗಾತ್ರ ಕುಗ್ಗುತ್ತದೆ.

ಇಲ್ಲಿ ನನಗೆ ಒಂದು ಸಂಶಯ ಬಂತು. ನಿಮಗೂ ಬಂದಿರಬಹುದು. ಸಣ್ಣ ಆನೆಯ ಮೂಳೆ ಸಿಕ್ಕಿದರೆ ಅದು ಕುಬ್ಜ ಆನೆಯದ್ದೇ ಎಂದು ಹೇಗೆ ಹೇಳುವುದು? ದೊಡ್ಡ ಆನೆಯ ಮರಿಯದ್ದೇಕೆ ಆಗಿರಬಾರದು?

ಉತ್ತರ ನಮ್ಮ ಪಠ್ಯಪುಸ್ತಕದಲ್ಲೂ ಇದೆ, ನಮ್ಮ ಅಂಗಡಿಯಲ್ಲೂ ಇದೆ. ಬೆಳೆಯುವ ಪ್ರಾಣಿಯ ಉದ್ದ ಮೂಳೆಗಳ ತುದಿಗಳು ನಡುಭಾಗಕ್ಕೆ ಪೂರ್ತಿ ಕೂಡಿಕೊಂಡಿರುವುದಿಲ್ಲ, ನಡುವೆ ಮೃದ್ವಸ್ಥಿ ಇರುತ್ತದೆ. ಬೆಳವಣಿಗೆ ಮುಗಿದ ಮೇಲೆ ಅವು ಬೆಸೆದುಕೊಳ್ಳುತ್ತವೆ. ಇನ್ನು ಹಲ್ಲು. ಮರಿಯ ಹಲ್ಲು ಬೇರೆ, ಬೆಳೆದ ಪ್ರಾಣಿಯ ಹಲ್ಲು ಬೇರೆ. ಕೊನೆಯ ದವಡೆಹಲ್ಲು ಬಂದು ಸವೆದಿದ್ದರೆ ಅದು ಮರಿ ಅಲ್ಲ. ಬಕ್ರೀದ್ ಹತ್ತಿರ ಬಂದಾಗ ನಮ್ಮ ಅಬ್ಬು ಸಂತೆಯಲ್ಲಿ ಮಾಡುವುದೂ ಇದನ್ನೇ. ಮಾರುವವನು ವರ್ಷ ತುಂಬಿದೆ ಎಂದು ಹೇಳಿದರೆ ಸಾಲದು, ಆಡಿನ ಬಾಯಿ ತೆರೆದು ಕೆಳದವಡೆಯ ಮುಂದೆ ಎರಡು ದೊಡ್ಡ ಹಲ್ಲು ಬಂದಿವೆಯೇ ಎಂದು ನೋಡುತ್ತಾರೆ. ಗಾತ್ರ ನೋಡಿ ಮೋಸ ಹೋಗಬಹುದು, ಹಲ್ಲು ನೋಡಿ ಮೋಸ ಹೋಗುವುದು ಕಡಿಮೆ. ಲಂಡನ್ನಿನ ಮ್ಯೂಸಿಯಂನಲ್ಲಿ ನಡೆಯುವ ಕೆಲಸವನ್ನು ನಮ್ಮ ಅಬ್ಬು ಕೂಡ ಮಾಡುತ್ತಾರೆ ಎಂದು ನನಗೆ ಹೊಳೆದದ್ದು ಆ ದಿನವೇ.

ಬೇಟ್ ಅವರ ಕಥೆಗೆ ಬರೋಣ. 1904ರಲ್ಲಿ ಅವರು ಕ್ರೀಟ್ ದ್ವೀಪಕ್ಕೆ ಹೋದರು. ಅಲ್ಲಿಯೂ ಕುಬ್ಜ ಆನೆಯ ಅವಶೇಷ ಸಿಕ್ಕಿತು. ಅದಕ್ಕೆ 1907ರಲ್ಲಿ ಹೆಸರಿಟ್ಟು ವರದಿ ಬರೆದು, ಹಲ್ಲುಗಳನ್ನು ಮ್ಯೂಸಿಯಂನಲ್ಲಿ ಜೋಪಾನವಾಗಿ ಇಟ್ಟರು. ನೂರು ವರ್ಷ ಕಳೆದ ಮೇಲೆ, 2012ರಲ್ಲಿ, ಅದೇ ಮ್ಯೂಸಿಯಂನ ಸಂಶೋಧಕರು ಆ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದರು. ಅದು ಮ್ಯಾಮತ್ ಕುಲಕ್ಕೆ ಸೇರಿದ್ದು, ಭುಜದವರೆಗಿನ ಎತ್ತರ ಸುಮಾರು 1.13 ಮೀಟರ್ ಮಾತ್ರ ಎಂದು ತೀರ್ಮಾನಿಸಿದರು. ಬೇಟ್ ಕೊಟ್ಟ ಹೆಸರಿನ ಮೊದಲ ಭಾಗ ಬದಲಾಯಿತು. ಆದರೆ ಎಲ್ಲಿ ಸಿಕ್ಕಿತು, ಹೇಗಿತ್ತು ಎಂದು ಅವರು ಸರಿಯಾಗಿ ಬರೆದಿಟ್ಟದ್ದರಿಂದಲೇ ಇಷ್ಟು ವರ್ಷದ ಮೇಲೆ ತಿದ್ದಲು ಸಾಧ್ಯವಾಯಿತು.

1909ರಲ್ಲಿ ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದಲ್ಲಿ ಅವರಿಗೆ ಇನ್ನೂ ವಿಚಿತ್ರವಾದ ಪ್ರಾಣಿ ಸಿಕ್ಕಿತು. ಗುಹೆಯ ಮೂಳೆಗಳು ಪುಸ್ತಕದ ಚಿತ್ರದಲ್ಲಿರುವಂತೆ ಇಡಿಯಾಗಿ ಸಿಗುವುದಿಲ್ಲ. ಸುಣ್ಣದ ನೀರು ಇಳಿದು ಇಳಿದು ಮಣ್ಣು, ಕಲ್ಲು, ಮೂಳೆ ಎಲ್ಲ ಸೇರಿ ಕಾಂಕ್ರೀಟಿನಂತೆ ಗಟ್ಟಿಯಾಗಿರುತ್ತದೆ. ಸುತ್ತಿಗೆ ಉಳಿ ಹಿಡಿದು ಸ್ವಲ್ಪ ಸ್ವಲ್ಪವೇ ಬಿಡಿಸಬೇಕು. ಹಾಗೆ ಬಿಡಿಸಿದ ಚೂರುಗಳಲ್ಲಿ ಬೇಟ್ ಒಂದು ದವಡೆಯನ್ನು ನೋಡಿದರು. ಹಿಂದಿನ ಹಲ್ಲುಗಳು ಆಡಿನ ಜಾತಿಯವು. ಮುಂದಿನ ಹಲ್ಲು ಮಾತ್ರ ಇಲಿಯ ಹಲ್ಲಿನಂತೆ ಉದ್ದವಾಗಿ, ಜೀವನವಿಡೀ ಬೆಳೆಯುವಂಥದ್ದು! ನಮ್ಮ ಆಡು ಕುರಿಗಳಿಗೆ ಕೆಳದವಡೆಯ ಮುಂದೆ ಎಂಟು ಹಲ್ಲು ಇರುತ್ತವೆ. ಈ ಪ್ರಾಣಿಗೆ ಒಂದು ಬದಿಗೆ ಒಂದೇ. ಎರಡು ಪ್ರಾಣಿಗಳ ಮೂಳೆ ಬೆರೆತುಹೋಗಿದೆ ಎಂದು ಬೇರೆ ಯಾರಾದರೂ ಪಕ್ಕಕ್ಕಿಡುತ್ತಿದ್ದರೇನೋ. ಹಲ್ಲು ದವಡೆಯಲ್ಲಿ ಕೂತಿರುವ ರೀತಿಯನ್ನು ನೋಡಿ ಇದು ಒಂದೇ ಪ್ರಾಣಿ, ಈವರೆಗೆ ಯಾರೂ ಕಾಣದ ಪ್ರಾಣಿ ಎಂದು ಅವರು ಗುರುತಿಸಿದರು. ಮಯೋಟ್ರಾಗಸ್ ಎಂದು ಹೆಸರಿಟ್ಟರು. ಇಲಿ ಮತ್ತು ಆಡು ಎಂಬ ಎರಡು ಗ್ರೀಕ್ ಪದಗಳನ್ನು ಸೇರಿಸಿ ಮಾಡಿದ ಹೆಸರು ಅದು.

ಇದನ್ನು ಓದಿದ ಭಾನುವಾರ ನಾನು ಒಂದು ಪರೀಕ್ಷೆ ಮಾಡಿದೆ. ಅಂಗಡಿಯಲ್ಲಿ ಉಳಿದ ಮೂಳೆಗಳನ್ನು ತಂದು, ಕುದಿಸಿ, ತೊಳೆದು, ಒಣಗಿಸಿ, ಕಲ್ಲಿನಿಂದ ಜಜ್ಜಿ ಚೂರು ಮಾಡಿದೆ. ಒಟ್ಟು 30 ಚೂರು. ಅಬ್ಬು ಮುಂದೆ ಹರಡಿ ಯಾವುದು ಯಾವುದು ಎಂದು ಕೇಳಿದೆ. ಅವರು ಏಳನೇ ತರಗತಿಯವರೆಗೆ ಓದಿದವರು. ಫೀಮರ್, ಹ್ಯೂಮರಸ್, ಸ್ಕ್ಯಾಪುಲಾ ಎಂಬ ಹೆಸರುಗಳು ಅವರಿಗೆ ಗೊತ್ತಿಲ್ಲ. ರಾನ್, ದಸ್ತಿ, ನಲ್ಲಿ, ಸೀನಾ, ಪಾಯಾ ಎನ್ನುತ್ತ ಐದು ನಿಮಿಷದಲ್ಲಿ ಬೇರೆ ಬೇರೆ ಗುಡ್ಡೆ ಮಾಡಿದರು. ಎಡಗಾಲಿನದ್ದು, ಬಲಗಾಲಿನದ್ದು ಎಂದೂ ಹೇಳಿದರು. ಮೂರು ಚೂರುಗಳನ್ನು ಮಾತ್ರ ಪಕ್ಕಕ್ಕಿಟ್ಟು, ಇವು ಯಾವುವೆಂದು ತಮಗೆ ತಿಳಿಯುವುದಿಲ್ಲ ಎಂದರು. ಅಂದಾಜಾಗಿ ಹೇಳಿ ಎಂದು ಒತ್ತಾಯಿಸಿದೆ. ಕೀಲಿನ ಗುರುತೇ ಉಳಿದಿಲ್ಲ, ಸುಳ್ಳು ಯಾಕೆ ಹೇಳಲಿ ಎಂದುಬಿಟ್ಟರು. ಆಡು ಯಾವುದು, ಕುರಿ ಯಾವುದು ಎಂದು ಕೇಳಿದಾಗಲೂ, ಬಾಲವೂ ಚರ್ಮವೂ ಇಲ್ಲದೆ ಬರೀ ಮೂಳೆಯಿಂದ ಹೇಳುವುದು ಕಷ್ಟ ಎಂದರು. ಆಮೇಲೆ ಓದಿದಾಗ ತಿಳಿಯಿತು, ಆಡು ಮತ್ತು ಕುರಿಯ ಮೂಳೆಗಳನ್ನು ಬೇರೆ ಮಾಡುವುದು ಇಂದಿನ ತಜ್ಞರಿಗೂ ಕಷ್ಟವೇ. ಅದಕ್ಕೇ ಅವರ ಪಟ್ಟಿಗಳಲ್ಲಿ ಆಡು ಅಥವಾ ಕುರಿ ಎಂದು ಒಟ್ಟಿಗೆ ಬರೆಯುವ ವಾಡಿಕೆ ಇದೆ. ಗುರುತು ಸಿಗದ ಚೂರುಗಳನ್ನು ಗುರುತು ಸಿಕ್ಕಿಲ್ಲ ಎಂದೇ ಬರೆಯುತ್ತಾರೆ.

ಬೇಟ್ ಅವರ ಜೀವನದ ದೊಡ್ಡ ಕೆಲಸ ಪ್ಯಾಲೆಸ್ತೀನಿಗೆ ಸಂಬಂಧಿಸಿದ್ದು. ಹೈಫಾ ನಗರದ ದಕ್ಷಿಣಕ್ಕೆ ಕಾರ್ಮೆಲ್ ಬೆಟ್ಟವಿದೆ. ಅಲ್ಲಿನ ಒಂದು ಕಣಿವೆಯ ಹೆಸರು ವಾದಿ ಅಲ್ ಮುಗಾರಾ, ಅಂದರೆ ಗುಹೆಗಳ ಕಣಿವೆ. ನಮ್ಮ ಉರ್ದುವಿನ ಗಾರ್ ಎಂಬ ಪದ ಇದಕ್ಕೆ ಹತ್ತಿರದ್ದೇ. ಅಲ್ಲಿನ ಗುಹೆಗಳ ಪೈಕಿ ಒಂದರ ಹೆಸರು ತಬೂನ್, ಎಂದರೆ ರೊಟ್ಟಿ ಸುಡುವ ಒಲೆ. ಇನ್ನೊಂದು ಸ್ಖೂಲ್, ಮತ್ತೊಂದು ಅಲ್ ವಾದ್. 1929ರಿಂದ 1934ರವರೆಗೆ ಡೊರೊತಿ ಗ್ಯಾರೊಡ್ ಎಂಬ ಪುರಾತತ್ವಜ್ಞೆ ಅಲ್ಲಿ ಉತ್ಖನನ ನಡೆಸಿದರು. ಈ ಗ್ಯಾರೊಡ್ ಮುಂದೆ 1939ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರೊಫೆಸರ್ ಆದರು.

ಅಗೆಯುವ, ಹೆಕ್ಕುವ ಕೆಲಸಕ್ಕೆ ಗ್ಯಾರೊಡ್ ಹೆಚ್ಚಾಗಿ ಸೇರಿಸಿಕೊಂಡದ್ದು ಹತ್ತಿರದ ಜಬಾ ಮತ್ತು ಇಜ್ಜಿಮ್ ಹಳ್ಳಿಗಳ ಹೆಂಗಸರನ್ನು. ಅವರಲ್ಲಿ ಯುಸ್ರಾ ಎಂಬಾಕೆ ಇದ್ದಳು. ಮಣ್ಣು ಜರಡಿಗೆ ಹೋಗುವ ಮೊದಲೇ ಅದರಲ್ಲಿನ ಕಲ್ಲಿನ ಆಯುಧ, ಮೂಳೆ ಚೂರುಗಳನ್ನು ಹೆಕ್ಕುವುದರಲ್ಲಿ ಆಕೆಯ ಕಣ್ಣು ಬಹಳ ಚುರುಕು. 1932ರಲ್ಲಿ ತಬೂನ್ ಗುಹೆಯ ಮಣ್ಣಿನಲ್ಲಿ ಆಕೆ ಒಂದು ಹಲ್ಲನ್ನು ಕಂಡಳು. ಸಾವಿರಾರು ಪ್ರಾಣಿ ಮೂಳೆಗಳ ನಡುವೆ ಅದೊಂದು ಬೇರೆ ಥರ ಇದೆ ಎಂದು ಗುರುತಿಸಿದಳು. ಅದರ ಜಾಡು ಹಿಡಿದು ನೋಡಿದಾಗ ಜಜ್ಜಿಹೋದ ತಲೆಬುರುಡೆ ಸಿಕ್ಕಿತು. ಅದು ನಿಯಾಂಡರ್ಥಾಲ್ ಹೆಂಗಸೊಬ್ಬಳ ಅಸ್ಥಿಪಂಜರ. ಇಂದು ಅದು ಬೇಟ್ ಕೆಲಸ ಮಾಡಿದ ಅದೇ ಲಂಡನ್ ಮ್ಯೂಸಿಯಂನಲ್ಲಿದೆ. ಯುಸ್ರಾಗೆ ಕೇಂಬ್ರಿಡ್ಜಿಗೆ ಹೋಗಿ ಓದುವ ಆಸೆ ಇತ್ತಂತೆ. ಅದು ಈಡೇರಲಿಲ್ಲ. 1948ರ ಯುದ್ಧದಲ್ಲಿ ಆ ಹಳ್ಳಿಗಳ ಜನ ಊರು ಬಿಡಬೇಕಾಯಿತು. ಹಲ್ಲನ್ನು ಗುರುತಿಸಿದವಳದ್ದು ಎಂದು ಪುಸ್ತಕಗಳಲ್ಲಿ ಉಳಿದಿರುವುದು ಯುಸ್ರಾ ಎಂಬ ಒಂದೇ ಹೆಸರು.

ಆ ಗುಹೆಗಳ ಪ್ರಾಣಿ ಮೂಳೆಗಳನ್ನು ಗುರುತಿಸುವ ಹೊಣೆ ಬೇಟ್ ಅವರದ್ದಾಯಿತು. ಪೆಟ್ಟಿಗೆ ಪೆಟ್ಟಿಗೆ ಮೂಳೆ. ಹೆಚ್ಚಿನವು ಒಡೆದವು. ಒಂದೊಂದನ್ನೂ ಮ್ಯೂಸಿಯಂನ ಅಸ್ಥಿಪಂಜರಗಳ ಜೊತೆ ಹೋಲಿಸಿ ನೋಡಬೇಕು. ಜಿಂಕೆಯ ಕೊಂಬು ಗಟ್ಟಿ ಮೂಳೆ, ಪ್ರತಿವರ್ಷ ಉದುರಿ ಹೊಸದು ಬರುತ್ತದೆ. ಗೆಜೆಲ್ ಪ್ರಾಣಿಯದ್ದು ಹಾಗಲ್ಲ, ಒಳಗೆ ಮೂಳೆಯ ತಿರುಳು, ಹೊರಗೆ ಕವಚ, ಅದು ಉದುರುವುದಿಲ್ಲ. ಹಲ್ಲಿನ ಎತ್ತರದಲ್ಲೂ ವ್ಯತ್ಯಾಸವಿದೆ. ಇಂಥ ಸಣ್ಣ ಸಣ್ಣ ಗುರುತುಗಳಿಂದ ವಿಂಗಡಿಸುತ್ತ ಹೋದರು.

ಬರೀ ಹೆಸರು ಬರೆದು ಬಿಡಲಿಲ್ಲ. ಗುಹೆಯ ಯಾವ ಪದರದಲ್ಲಿ ಜಿಂಕೆ ಹೆಚ್ಚು, ಯಾವ ಪದರದಲ್ಲಿ ಗೆಜೆಲ್ ಹೆಚ್ಚು ಎಂದು ಲೆಕ್ಕ ಹಾಕಿ ಒಂದು ನಕ್ಷೆ ಬರೆದರು. ಅಲ್ಲಿನ ಜಿಂಕೆ ಮರಗಳಿರುವ, ತೇವವಿರುವ ಜಾಗ ಬಯಸುವ ಪ್ರಾಣಿ. ಗೆಜೆಲ್ ಒಣ ಬಯಲಿನ ಪ್ರಾಣಿ. ನಮ್ಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯ ಕುರುಚಲು ಕಾಡಿನಲ್ಲಿರುವ ಚಿಂಕಾರ ಇದೇ ಕುಲದ್ದು. ಹಾಗಾದರೆ ಜಿಂಕೆ ಹೆಚ್ಚಿದ್ದ ಕಾಲದಲ್ಲಿ ಮಳೆ ಹೆಚ್ಚಿರಬೇಕು, ಗೆಜೆಲ್ ಹೆಚ್ಚಿದ್ದ ಕಾಲ ಒಣ ಕಾಲವಾಗಿರಬೇಕು. ಹೀಗೆ ಒಡೆದ ಮೂಳೆಗಳಿಂದ ಹಿಂದಿನ ಹವಾಮಾನವನ್ನು ಓದಲು ಅವರು ದಾರಿ ಮಾಡಿದರು. ಈ ವರದಿ 1937ರಲ್ಲಿ ಗ್ಯಾರೊಡ್ ಅವರ ಬರಹದ ಜೊತೆಗೆ ಒಂದೇ ಗ್ರಂಥವಾಗಿ ಬಂತು. ಗುಹೆಯ ಮೂಳೆಗಳು ಬೇಟೆಗಾರರು ತಂದು ಹಾಕಿದ್ದು, ಅವರಿಗೆ ಯಾವುದು ಬೇಕಿತ್ತೋ ಅದೇ ಹೆಚ್ಚು ಬಂದಿರಬಹುದಲ್ಲವೇ ಎಂದು ನಂತರದ ವಿದ್ವಾಂಸರು ಪ್ರಶ್ನಿಸಿದರು. ಆ ಪ್ರಶ್ನೆ ಸರಿಯಾದದ್ದೇ. ಆದರೆ ಪದರ ಪದರವಾಗಿ ಎಣಿಸಿ ನೋಡುವ ಕ್ರಮ ಮಾತ್ರ ಉಳಿಯಿತು.

ಅದೇ ವರದಿಯಲ್ಲಿ ಅಲ್ ವಾದ್ ಗುಹೆಯ ಒಂದು ತಲೆಬುರುಡೆಯನ್ನು ಅವರು ನಾಯಿಯದ್ದು ಎಂದು ಗುರುತಿಸಿದ್ದರು. ಬೇಸಾಯ ಶುರುವಾಗುವ ಮೊದಲೇ ಅಲ್ಲಿನ ಜನರ ಬಳಿ ನಾಯಿ ಇತ್ತು ಎಂದು ಅದರ ಅರ್ಥ. ಅದು ತೋಳದ್ದೇ ಎಂದು ಕೆಲವರು ಒಪ್ಪಲಿಲ್ಲ. ಬೇಟ್ ತೀರಿಕೊಂಡು 27 ವರ್ಷಗಳಾದ ಮೇಲೆ, 1978ರಲ್ಲಿ, ಅದೇ ನಾಡಿನ ಐನ್ ಮಲ್ಲಾಹ ಎಂಬಲ್ಲಿ ಸಿಕ್ಕ ಸಮಾಧಿಯ ವರದಿ ಪ್ರಕಟವಾಯಿತು. ಸುಮಾರು 12,000 ವರ್ಷ ಹಿಂದಿನ ಮನುಷ್ಯನ ಜೊತೆ ಒಂದು ಮರಿಯನ್ನೂ ಹೂಳಲಾಗಿತ್ತು, ಕೈ ಅದರ ಮೇಲಿತ್ತು. ಆ ಕಾಲದಲ್ಲಿ ನಾಯಿ ಸಾಕಿದ್ದರು ಎಂಬ ಮಾತಿಗೆ ಬಲ ಬಂತು.

1935ರಿಂದ 1937ರವರೆಗೆ ಬೇಟ್ ಸ್ವತಃ ಬೆತ್ಲೆಹೆಮ್ಮಿನಲ್ಲಿ ಎಲಿನೋರ್ ಗಾರ್ಡ್ನರ್ ಎಂಬ ಭೂವಿಜ್ಞಾನಿಯ ಜೊತೆ ಅಗೆದು, ಬಹಳ ಹಿಂದಿನ ಆನೆ ಮುಂತಾದ ಪ್ರಾಣಿಗಳ ಮೂಳೆಗಳನ್ನು ಪಡೆದರು. ಆ ಹೊತ್ತಿಗೆ ದೂರದೂರದ ಸಂಶೋಧಕರು ಮೂಳೆಗಳನ್ನು ಗುರುತಿಸಿಕೊಡಿ ಎಂದು ಅವರನ್ನೇ ಕೇಳುತ್ತಿದ್ದರು. ಆಫ್ರಿಕಾದಲ್ಲಿ ಆದಿಮಾನವನ ಬಗ್ಗೆ ಕೆಲಸ ಮಾಡಿದ ಲೂಯಿಸ್ ಲೀಕಿ ಅವರಲ್ಲಿ ಒಬ್ಬರು. ಪದವಿ ಇಲ್ಲದ ಹೆಂಗಸಿನ ತೀರ್ಮಾನಕ್ಕೆ ದೊಡ್ಡ ದೊಡ್ಡ ಪಂಡಿತರು ಕಾಯುತ್ತಿದ್ದರು. 1940ರಲ್ಲಿ ಜಿಯಲಾಜಿಕಲ್ ಸೊಸೈಟಿಯ ಫೆಲೋ ಆದರು. 1948ರಲ್ಲಿ, 70ರ ಹತ್ತಿರದ ವಯಸ್ಸಿನಲ್ಲಿ, ಟ್ರಿಂಗ್ ಊರಿನಲ್ಲಿರುವ ಮ್ಯೂಸಿಯಂ ಶಾಖೆಯ ಮೇಲ್ವಿಚಾರಣೆ ಅವರಿಗೆ ಬಂತು. 1951ರ ಜನವರಿ 13ರಂದು ಹೃದಯಾಘಾತದಿಂದ ತೀರಿಕೊಂಡರು. ಇನ್ನೂ ಬರೆಯಬೇಕಾದ ಲೇಖನಗಳ ಒಂದು ಪಟ್ಟಿ ಅವರ ಮೇಜಿನ ಮೇಲೆ ಇತ್ತು. ಕೊನೆಯದರ ಪಕ್ಕದಲ್ಲಿ ಅದು ತನ್ನ ಹಂಸಗೀತೆ ಎಂದು ಗುರುತು ಹಾಕಿದ್ದರು. ಅವರ ಸ್ವಂತ ಕಾಗದಪತ್ರಗಳಲ್ಲಿ ಬಹಳಷ್ಟು ಆಮೇಲೆ ಒಂದು ಮನೆಯ ಬೆಂಕಿಯಲ್ಲಿ ಸುಟ್ಟುಹೋದವು. ಉಳಿದದ್ದು ಅವರ ಲೇಖನಗಳು ಮತ್ತು ಅವರು ಗುರುತಿಸಿದ ಮೂಳೆಗಳು.

ಈಗ ಕಾಲ ಬದಲಾಗಿದೆ. ಅಬ್ಬು ಪಕ್ಕಕ್ಕಿಟ್ಟ ಆ ಮೂರು ಚೂರುಗಳಂಥವನ್ನೂ ಇಂದು ಗುರುತಿಸಬಹುದು. ಮೂಳೆಯಲ್ಲಿರುವ ಕೊಲಾಜನ್ ಪ್ರೋಟೀನು ಪ್ರಾಣಿಯಿಂದ ಪ್ರಾಣಿಗೆ ಸ್ವಲ್ಪ ಬೇರೆಯಾಗಿರುತ್ತದೆ. ಚಿಟಿಕೆಯಷ್ಟು ಪುಡಿ ಸಾಕು. ಸೈಬೀರಿಯಾದ ಡೆನಿಸೋವಾ ಗುಹೆಯ 2,000ಕ್ಕೂ ಹೆಚ್ಚು ಚೂರುಗಳನ್ನು ಹೀಗೆ ಪರೀಕ್ಷಿಸಿದಾಗ, ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಒಂದು ಚೂರು ಮಾತ್ರ ಮಾನವ ಕುಲದ್ದು ಎಂದು ತಿಳಿಯಿತು. 2018ರಲ್ಲಿ ಅದರ ಡಿಎನ್‌ಎ ಓದಿದಾಗ, ಅದು ನಿಯಾಂಡರ್ಥಾಲ್ ತಾಯಿಗೂ ಡೆನಿಸೋವನ್ ತಂದೆಗೂ ಹುಟ್ಟಿದ ಹುಡುಗಿಯದ್ದು ಎಂದು ಗೊತ್ತಾಯಿತು. ಆ ಚೂರನ್ನು ಕೆಲಸಕ್ಕೆ ಬಾರದ್ದು ಎಂದು ಯಾರಾದರೂ ಎಸೆದಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ನನ್ನ ಸರದಿ ಬಂದ ದಿನ ಆ 30 ಚೂರುಗಳನ್ನು ಒಂದು ಸ್ವೀಟ್ ಡಬ್ಬಿಯಲ್ಲಿ ಹಾಕಿಕೊಂಡು ಕಾಲೇಜಿಗೆ ಹೋದೆ. ಬೇಟ್ ಬಗ್ಗೆ ಹೇಳಿದೆ, ಯುಸ್ರಾ ಬಗ್ಗೆ ಹೇಳಿದೆ. ಕೊನೆಗೆ, ಈ ಮೂಳೆಗಳನ್ನು ನನಗೆ ಗುರುತಿಸಿ ಕೊಟ್ಟವರು ನಮ್ಮ ಅಬ್ಬು, ಅವರಿಗೆ ಸಂತೆ ಬೀದಿಯಲ್ಲಿ ಮಟನ್ ಅಂಗಡಿ ಇದೆ ಎಂದು ಹೇಳಿದೆ. ಒಂದಿಬ್ಬರು ನಕ್ಕರು. ಉಳಿದವರು ಡಬ್ಬಿಯ ಸುತ್ತ ಸೇರಿ, ಚೂರುಗಳನ್ನು ಎತ್ತಿ ಎತ್ತಿ ನೋಡಿದರು. ಮೇಡಂ ಆ ಡಬ್ಬಿಯನ್ನು ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳಲು ಕೇಳಿದರು. ಯಾರು ಗುರುತಿಸಿದ್ದು ಎಂದು ಚೀಟಿ ಬರೆದು ಅಂಟಿಸಲು ಹೇಳಿದರು. ನಾನು ಅಬ್ಬುವಿನ ಪೂರ್ತಿ ಹೆಸರನ್ನು ಬರೆದು ಅಂಟಿಸಿದೆ.

ಡಬ್ಬಿ ಈಗಲೂ ಜೀವಶಾಸ್ತ್ರ ಪ್ರಯೋಗಾಲಯದ ಕಪಾಟಿನಲ್ಲಿದೆ. ಪ್ರಥಮ ಪಿಯುಸಿಯ ತಂಗಿ ತಮ್ಮಂದಿರು ತೆಗೆದು ನೋಡಬಹುದು. ಗುರುತು ಸಿಗದ ಮೂರು ಚೂರುಗಳು ಬೇರೆ ಪೊಟ್ಟಣದಲ್ಲಿವೆ. ಅವು ಯಾವುವೆಂದು ಕಂಡುಹಿಡಿದವರು ತಮ್ಮ ಹೆಸರನ್ನೂ ಆ ಚೀಟಿಯಲ್ಲಿ ಸೇರಿಸಲಿ.